ಜ್ವರದ ನಂತರ ಕಾಲು ಸೋತರೆ ನಿರ್ಲಕ್ಷ್ಯ ಸಲ್ಲದು

ನೆಗಡಿ, ಕೆಮ್ಮು, ಜ್ವರ ಬಂದು ಹೋದ ಮೇಲೆ ಕೆಲದಿನ ನಿಶ್ಶಕ್ತಿ ಇರುವುದು ಸಹಜ. ಆದರೆ ಒಂದೆರಡು ವಾರಗಳ ಬಳಿಕ ಎರಡೂ ಪಾದಗಳು ಜುಮ್ಮೆಂದು, ಕಾಲುಗಳ ಬಲ ಕುಂದಿ, ದೌರ್ಬಲ್ಯ ದಿನೇ ದಿನೇ ಮೇಲೇರತೊಡಗಿದರೆ ಅದು ಗಿಲನ್-ಬಾರೆ ಸಿಂಡ್ರೋಮ್ (ಜಿಬಿಎಸ್) ಆಗಿರಬಹುದು.

ವೈರಾಣುವಿನ ವಿರುದ್ಧ ಸಜ್ಜಾದ ರೋಗನಿರೋಧಕ ಶಕ್ತಿಯೇ ದಾರಿ ತಪ್ಪಿ ಸ್ವಂತ ನರಗಳ ಮೇಲೆ ಎರಗುವುದು ಇದರ ಮೂಲ. ವರ್ಷಕ್ಕೆ ಲಕ್ಷಕ್ಕೆ ಒಬ್ಬಿಬ್ಬರಲ್ಲಿ ಕಾಣಿಸಿಕೊಳ್ಳುವ ಈ ಕಾಯಿಲೆ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಇನ್‌ಫ್ಲುಯೆಂಜಾ, ಕೋವಿಡ್ ಬಳಿಕ ಮಾತ್ರವಲ್ಲ, ಕರುಳಿನ ಸೋಂಕಿನ ಬಳಿಕವೂ ಬರುತ್ತದೆ. 2025ರಲ್ಲಿ ಪುಣೆಯಲ್ಲಿ ಕಂಡುಬಂದದ್ದು ಅಂತಹುದೇ.

ನಿಜವಾದ ಅಪಾಯವಿರುವುದು ಉಸಿರಾಟಕ್ಕೆ. ನಾಲ್ವರು ರೋಗಿಗಳಲ್ಲಿ ಸುಮಾರು ಒಬ್ಬರಿಗೆ ಉಸಿರಾಟದ ಸ್ನಾಯುಗಳು ಸೋತು ವೆಂಟಿಲೇಟರ್ ಬೇಕಾಗುತ್ತದೆ. ಆದ್ದರಿಂದ ಕೆಜಿಎಫ್‌ನ ಆಂಡರ್ಸನ್‌ಪೇಟೆಯಂತಹ ಬಡಾವಣೆಗಳಲ್ಲಿ ವಿಶೇಷ ಎಚ್ಚರ ಅಗತ್ಯ. ಚಿನ್ನದ ಗಣಿ 2001ರಲ್ಲಿ ಮುಚ್ಚಿದರೂ ಕಲ್ಲುದೂಳು ತಂದ ಸಿಲಿಕೋಸಿಸ್ ಹಳೆಯ ಕಾರ್ಮಿಕರನ್ನು ಬಿಟ್ಟಿಲ್ಲ. ಅಂಥವರಿಗೆ ಏದುಸಿರು ಬಂದರೆ ಹಳೆಯ ಕಾಯಿಲೆಯೇ ಎಂದು ಮನೆಯವರು ಸುಮ್ಮನಾಗುವ ಸಂಭವವುಂಟು. ಜೊತೆಗೆ ಕಾಲುಗಳೂ ಸೋತಿವೆಯೇ ಎಂಬುದನ್ನು ಗಮನಿಸಬೇಕು.

ಇಮ್ಯುನೊಗ್ಲಾಬ್ಯುಲಿನ್ ಅಥವಾ ರಕ್ತದ ಪ್ಲಾಸ್ಮಾ ಬದಲಾವಣೆ ಇದಕ್ಕಿರುವ ಚಿಕಿತ್ಸೆ. ಲಕ್ಷಣ ಕಂಡ ಎರಡು ವಾರಗಳೊಳಗೆ ಆರಂಭಿಸಿದರೆ ಫಲ ಹೆಚ್ಚು. ಇಂತಹ ಚಿಕಿತ್ಸೆಗೆ ಹೆಸರಾದ ಬೆಂಗಳೂರಿನ ನಿಮ್ಹಾನ್ಸ್ ಇಲ್ಲಿಂದ ಸುಮಾರು 100 ಕಿ.ಮೀ. ದೂರ. ಆದಕಾರಣ ನಡೆಯುವ ಶಕ್ತಿಯಿರುವಾಗಲೇ ಹತ್ತಿರದ ಆಸ್ಪತ್ರೆಗೆ ತೋರಿಸುವುದು ಕ್ಷೇಮ. ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ತಕ್ಷಣ 108ಕ್ಕೆ ಕರೆ ಮಾಡಬೇಕು.

ಸಕಾಲದಲ್ಲಿ ಚಿಕಿತ್ಸೆ ದೊರೆತರೆ ಹೆಚ್ಚಿನವರು ಆರು ತಿಂಗಳೊಳಗೆ ಮತ್ತೆ ಸ್ವತಂತ್ರವಾಗಿ ನಡೆಯುತ್ತಾರೆ.