ಮನೆಯಲ್ಲಿ ನಿಸ್ತಂತು ಜಾಲದ ಅಳವಡಿಕೆ: ಅರ್ಜಿದಾರರ ಮಾಹಿತಿಗಾಗಿ

ನಾಡಕಚೇರಿ ಹಾಗೂ ಸೇವಾ ಸಿಂಧು ಜಾಲತಾಣಗಳ ಮೂಲಕ ಅನೇಕ ಸೇವೆಗಳಿಗೆ ಮನೆಯಿಂದಲೇ ಅರ್ಜಿ ಸಲ್ಲಿಸಲು ಅವಕಾಶವಿರುವುದರಿಂದ, ಒಂದೇ ಅಂತರಜಾಲ ಸಂಪರ್ಕವನ್ನು ಮನೆಯ ಎರಡು ಮೂರು ಗಣಕಯಂತ್ರಗಳು, ಮೊಬೈಲ್ ದೂರವಾಣಿಗಳು ಹಾಗೂ ಮುದ್ರಣಯಂತ್ರದ ನಡುವೆ ಹಂಚಿಕೊಳ್ಳುವ ವ್ಯವಸ್ಥೆಯು ಅನೇಕ ಕುಟುಂಬಗಳಿಗೆ ಅಗತ್ಯವಾಗಿದೆ. ತಂತಿಯಿಲ್ಲದೆ ಹಂಚಿಕೊಳ್ಳುವ ಈ ವ್ಯವಸ್ಥೆಯನ್ನು ನಿಸ್ತಂತು ಜಾಲವೆಂದೂ ರೂಢಿಯಲ್ಲಿ ವೈ-ಫೈ ಎಂದೂ ಕರೆಯಲಾಗುತ್ತದೆ. ಸಾಮಾನ್ಯವಾಗಿ ಸೇವಾದಾರ ಸಂಸ್ಥೆಯ ಸಿಬ್ಬಂದಿ ಬಂದು ಪೆಟ್ಟಿಗೆಯನ್ನು ಗೋಡೆಗೆ ಕೂರಿಸಿ, ದೀಪ ಹೊತ್ತಿದ್ದನ್ನು ತೋರಿಸಿ, ಪಾಸ್‌ವರ್ಡ್ ಹೇಳಿ ಹೊರಡುತ್ತಾರೆ. ಅಲ್ಲಿಗೆ ಕೆಲಸ ಮುಗಿಯಿತೆಂದು ಭಾವಿಸುವುದು ಸರಿಯಲ್ಲ. ಸಂಪರ್ಕವು ಯಾರ ಹೆಸರಿನಲ್ಲಿದೆಯೋ, ಅದರ ಮೂಲಕ ನಡೆಯುವ ಎಲ್ಲ ವ್ಯವಹಾರವೂ ಮೊದಲಿಗೆ ಅವರ ಹೆಸರನ್ನೇ ತೋರಿಸುತ್ತದೆ. ಆದ್ದರಿಂದ ಜಾಲವನ್ನು ಅಳವಡಿಸುವುದರ ಜೊತೆಗೆ ಅದನ್ನು ಭದ್ರಪಡಿಸುವ ಕ್ರಮವನ್ನೂ ಈ ಕೆಳಗೆ ವಿವರಿಸಲಾಗಿದೆ.

ಒಂದೇ ವಿಳಾಸ, ಹಲವು ಯಂತ್ರಗಳು

ಒಂದೇ ಬಾಗಿಲು ಸಂಖ್ಯೆಯ ಕೂಡುಕುಟುಂಬವನ್ನು ಇಲ್ಲಿ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಹೊರಗಿನಿಂದ ಬರುವ ಅಂಚೆಯೆಲ್ಲ ಆ ಒಂದು ವಿಳಾಸಕ್ಕೆ ಬರುತ್ತದೆ. ಮನೆಯ ಯಜಮಾನರು ಅದನ್ನು ಯಾರ ಪತ್ರ ಯಾರಿಗೆಂದು ನೋಡಿ ಒಳಗೆ ಹಂಚುತ್ತಾರೆ. ಮನೆಯ ಜಾಲದಲ್ಲಿ ಈ ಯಜಮಾನಿಕೆಯ ಕೆಲಸವನ್ನು ಮಾಡುವ ಉಪಕರಣವೇ ರೂಟರ್. ಅದು ಒಳಗಿನ ಪ್ರತಿಯೊಂದು ಗಣಕಯಂತ್ರಕ್ಕೂ 192.168 ಎಂದು ಆರಂಭವಾಗುವಂತಹ ಒಂದು ಖಾಸಗಿ ಸಂಖ್ಯೆಯನ್ನು ನೀಡುತ್ತದೆ. ಈ ಸಂಖ್ಯೆಗಳು ಮನೆಯೊಳಗೆ ಮಾತ್ರ ಚಲಾವಣೆಯಲ್ಲಿರುತ್ತವೆ. ಹೊರಗಿನ ಜಾಲತಾಣಗಳಿಗೆ ಕಾಣುವುದು ಸೇವಾದಾರರು ನೀಡಿದ ಒಂದೇ ವಿಳಾಸ. ಕೆಲವು ಸೇವಾದಾರರು ಒಂದು ವಿಳಾಸವನ್ನು ಹಲವು ಚಂದಾದಾರರಿಗೆ ಹಂಚುವುದೂ ಉಂಟು; ಆದರೂ ಯಾವ ಸಮಯದಲ್ಲಿ ಯಾವ ಚಂದಾದಾರರು ಬಳಸಿದರೆಂಬ ದಾಖಲೆ ಅವರಲ್ಲಿ ಇರುತ್ತದೆ. ಇಂತಹ ದಾಖಲೆಗಳನ್ನು ಇಡಬೇಕಾದ ಅವಧಿಯನ್ನು 2021ರ ಡಿಸೆಂಬರ್‌ನಲ್ಲಿ ಪರವಾನಗಿ ಷರತ್ತುಗಳಿಗೆ ತಂದ ತಿದ್ದುಪಡಿಯ ಮೂಲಕ ಕನಿಷ್ಠ ಎರಡು ವರ್ಷಗಳಿಗೆ ವಿಸ್ತರಿಸಲಾಯಿತು.

ಸದರಿ ದಾಖಲೆಯಲ್ಲಿ ಚಂದಾದಾರರ ಹೆಸರು ಇರುತ್ತದೆಯೇ ಹೊರತು, ಮನೆಯ ಮಗ ಬಳಸಿದನೋ, ಮೇಲಂತಸ್ತಿನ ಬಾಡಿಗೆದಾರರು ಬಳಸಿದರೋ, ಬೀದಿಯಲ್ಲಿ ನಿಂತ ಅಪರಿಚಿತನು ಬಳಸಿದನೋ ಎಂಬುದು ಇರುವುದಿಲ್ಲ.

2008ರ ಪ್ರಕರಣಗಳು

ಇದು ಕೇವಲ ಊಹೆಯ ಮಾತಲ್ಲ. 2008ರ ಜುಲೈ 26ರಂದು ಅಹಮದಾಬಾದ್ ನಗರದಲ್ಲಿ ಸರಣಿ ಸ್ಫೋಟಗಳು ಸಂಭವಿಸುವ ಕೆಲವೇ ನಿಮಿಷಗಳ ಮುನ್ನ ಮಾಧ್ಯಮ ಸಂಸ್ಥೆಗಳಿಗೆ ಬೆದರಿಕೆಯ ಮಿಂಚಂಚೆಯೊಂದು ತಲುಪಿತು. ಅದು ಹೊರಟ ವಿಳಾಸವನ್ನು ಪತ್ತೆ ಹಚ್ಚಿದಾಗ ನವಿ ಮುಂಬಯಿಯ ವಸತಿ ಸಮುಚ್ಚಯವೊಂದರಲ್ಲಿ ವಾಸವಿದ್ದ ವಿದೇಶಿ ಪ್ರಜೆಯೊಬ್ಬರ ಮನೆಯ ಸಂಪರ್ಕ ದೊರೆಯಿತು. ಅವರ ನಿಸ್ತಂತು ಜಾಲವನ್ನು ಬೇರೆಯವರು ಬಳಸಿಕೊಂಡಿದ್ದರು. ಆದರೂ ಅವರು ವಿಚಾರಣೆಯನ್ನು ಎದುರಿಸಬೇಕಾಯಿತು. ಅವರ ಗಣಕಯಂತ್ರಗಳು ಪರಿಶೀಲನೆಗೆ ಒಳಪಟ್ಟವು. ಅದೇ ವರ್ಷ ಸೆಪ್ಟೆಂಬರ್ 13ರ ದೆಹಲಿ ಸ್ಫೋಟಗಳ ಸಂದರ್ಭದಲ್ಲಿ ಬಂದ ಮಿಂಚಂಚೆಯ ಮೂಲವು ಮುಂಬಯಿಯ ಚೆಂಬೂರಿನಲ್ಲಿದ್ದ ಸಂಸ್ಥೆಯೊಂದರ ನಿಸ್ತಂತು ಜಾಲವೆಂದು ಕಂಡುಬಂತು. ಇವುಗಳ ನಂತರ, 2009ರ ಫೆಬ್ರುವರಿಯಲ್ಲಿ ದೂರಸಂಪರ್ಕ ಇಲಾಖೆಯು ವೈ-ಫೈ ಜಾಲಗಳ ಸುರಕ್ಷಿತ ಬಳಕೆಯ ಬಗ್ಗೆ ಸೇವಾದಾರರಿಗೆ ಸೂಚನೆಗಳನ್ನು ಹೊರಡಿಸಿತು.

ಆ ಮನೆಯವರು ಯಾವ ಅಪರಾಧವನ್ನೂ ಮಾಡಿರಲಿಲ್ಲ. ಹೊರಗಿನವರು ಒಳನುಗ್ಗಬಹುದಾದ ಜಾಲವೊಂದು ಅವರ ಹೆಸರಿನಲ್ಲಿತ್ತು, ಅಷ್ಟೆ.

ಅಳವಡಿಸುವ ಕ್ರಮ

ಮನೆಗೆ ಬರುವ ಸಂಪರ್ಕವು ಹಿಂದೆ ದೂರವಾಣಿ ತಂತಿಯ ಮೂಲಕ ಮೋಡೆಮ್‌ಗೆ ಬರುತ್ತಿತ್ತು. ಈಗ ಹೆಚ್ಚಿನ ಕಡೆ ಗಾಜಿನ ಎಳೆಯ ಕೇಬಲ್ ಬರುತ್ತದೆ. ಈ ಕೇಬಲ್ಲನ್ನು ಬಾಗಿಲಿನ ಸಂದಿಯಲ್ಲಿ ಮಡಚುವುದಾಗಲಿ, ಮೊಳೆ ಹೊಡೆದು ಬಿಗಿಯುವುದಾಗಲಿ ಮಾಡಬಾರದು. ಒಳಗಿನ ಎಳೆ ಮುರಿದರೆ ಹೊರಗಿನಿಂದ ಕಾಣುವುದಿಲ್ಲ. ಕೇಬಲ್ ಕೊನೆಗೊಳ್ಳುವ ಪೆಟ್ಟಿಗೆಯಲ್ಲಿಯೇ ರೂಟರ್ ಸೇರಿರುವುದು ಇತ್ತೀಚಿನ ಪದ್ಧತಿಯಾಗಿರುವುದರಿಂದ, ಪ್ರತ್ಯೇಕ ರೂಟರ್ ಖರೀದಿಸುವ ಮುನ್ನ ಸೇವಾದಾರರನ್ನು ವಿಚಾರಿಸುವುದು ಲೇಸು. ಎಷ್ಟೋ ಮನೆಗಳಲ್ಲಿ ಎರಡನೆಯದು ಅನಗತ್ಯ ಖರ್ಚು.

ಪೆಟ್ಟಿಗೆಗೆ ವಿದ್ಯುತ್ ನೀಡಿದ ನಂತರ ಮೊದಲ ಬಾರಿಗೆ ಗಣಕಯಂತ್ರವನ್ನು ಸಾಧ್ಯವಾದಲ್ಲಿ ತಂತಿಯ ಮೂಲಕವೇ ಜೋಡಿಸಬೇಕು. ಪೆಟ್ಟಿಗೆಯ ಅಡಿಯಲ್ಲಿ ಅಂಟಿಸಿರುವ ಚೀಟಿಯಲ್ಲಿ 192.168.1.1 ಅಥವಾ ಅಂತಹುದೇ ಸಂಖ್ಯೆಯಿರುತ್ತದೆ. ಅದನ್ನು ಬ್ರೌಸರ್‌ನ ವಿಳಾಸದ ಪಟ್ಟಿಯಲ್ಲಿ ಬೆರಳಚ್ಚಿಸಿದರೆ ರೂಟರ್‌ನ ನಿರ್ವಹಣಾ ಪುಟ ತೆರೆಯುತ್ತದೆ. ಇಲ್ಲಿ ಎರಡು ಪಾಸ್‌ವರ್ಡ್‌ಗಳಿರುವುದನ್ನು ಗಮನಿಸತಕ್ಕದ್ದು. ಒಂದು, ಈ ಪುಟದೊಳಗೆ ಪ್ರವೇಶಿಸಲು ಬೇಕಾದ ನಿರ್ವಹಣಾ ಪಾಸ್‌ವರ್ಡ್. ಇನ್ನೊಂದು, ಮನೆಯವರು ವೈ-ಫೈಗೆ ಸೇರಲು ಬಳಸುವ ಪಾಸ್‌ವರ್ಡ್. ಬಹಳಷ್ಟು ಮಂದಿ ಎರಡನೆಯದನ್ನು ಬದಲಿಸಿ ಮೊದಲನೆಯದನ್ನು ಕಾರ್ಖಾನೆಯಿಂದ ಬಂದಂತೆಯೇ ಬಿಡುತ್ತಾರೆ. ಒಂದೇ ಮಾದರಿಯ ಅನೇಕ ಪೆಟ್ಟಿಗೆಗಳಿಗೆ ಅದೇ ನಿರ್ವಹಣಾ ಪಾಸ್‌ವರ್ಡ್ ಇರಬಹುದಾದ್ದರಿಂದ, ಅದು ಬೀಗವನ್ನು ಬದಲಿಸಿ ಬೀಗದ ಕೈಯನ್ನು ಬಾಗಿಲಿಗೇ ತೂಗುಹಾಕಿದಂತಾಗುತ್ತದೆ. ಎರಡನ್ನೂ ಬದಲಿಸಬೇಕು, ಮತ್ತು ಎರಡೂ ಬೇರೆ ಬೇರೆಯಾಗಿರಬೇಕು.

ಇದೇ ಪುಟದಲ್ಲಿ ರೂಟರ್‌ನ ಒಳತಂತ್ರಾಂಶವನ್ನು ನವೀಕರಿಸುವ, ಹೊರಗಿನಿಂದ ನಿರ್ವಹಿಸುವ ಸೌಲಭ್ಯವನ್ನು ನಿಲ್ಲಿಸುವ, ಹಾಗೂ ಗುಂಡಿ ಅಥವಾ ಎಂಟಂಕಿಯ ಸಂಖ್ಯೆಯ ಮೂಲಕ ಸುಲಭವಾಗಿ ಜೋಡಿಸುವ ಡಬ್ಲ್ಯು.ಪಿ.ಎಸ್. ಎಂಬ ಸೌಲಭ್ಯವನ್ನು ಮುಚ್ಚುವ ಅವಕಾಶಗಳಿರುತ್ತವೆ. ಈ ಎಂಟಂಕಿಯ ಸಂಖ್ಯೆಯನ್ನು ಎರಡು ತುಂಡುಗಳಾಗಿ ಪರೀಕ್ಷಿಸಲಾಗುವುದರಿಂದ ಅದನ್ನು ಊಹಿಸುವುದು ಸುಲಭವೆಂದು 2011ರಲ್ಲಿಯೇ ಬಹಿರಂಗವಾಗಿದೆ.

ಒಂದು ಎಚ್ಚರಿಕೆ: ಪಾಸ್‌ವರ್ಡ್ ಮರೆತುಹೋದಾಗ ಪೆಟ್ಟಿಗೆಯ ಹಿಂದಿನ ಸಣ್ಣ ರಂಧ್ರದೊಳಗೆ ಪಿನ್ ಒತ್ತಿ ಮರುಹೊಂದಿಕೆ ಮಾಡುವ ರೂಢಿಯಿದೆ. ಹೀಗೆ ಮಾಡಿದಲ್ಲಿ ಸೇವಾದಾರರು ನಮೂದಿಸಿದ್ದ ಬಳಕೆದಾರರ ಹೆಸರು ಮತ್ತಿತರ ವಿವರಗಳೂ ಅಳಿಸಿಹೋಗಿ, ಸಂಪರ್ಕವೇ ನಿಂತುಹೋಗುವ ಸಂಭವವಿದೆ. ಅರ್ಜಿಯ ಕೊನೆಯ ದಿನಾಂಕದಂದು ಈ ಪ್ರಯೋಗಕ್ಕೆ ಕೈಹಾಕದಿರುವುದು ಉತ್ತಮ. ಅಳವಡಿಕೆಯ ದಿನವೇ ಆ ವಿವರಗಳನ್ನು ಸಿಬ್ಬಂದಿಯಿಂದ ಬರೆಸಿಕೊಂಡು, ಮನೆಯ ಇತರ ಕಾಗದಪತ್ರಗಳೊಂದಿಗೆ ಇರಿಸಿಕೊಳ್ಳತಕ್ಕದ್ದು.

ಪಾಸ್‌ವರ್ಡ್ ಹೇಗಿರಬೇಕು

ವೈ-ಫೈ ಭದ್ರತೆಯ ವಿಧಾನವನ್ನು ಆಯ್ಕೆ ಮಾಡುವ ಪಟ್ಟಿಯಲ್ಲಿ ಡಬ್ಲ್ಯು.ಇ.ಪಿ., ಡಬ್ಲ್ಯು.ಪಿ.ಎ., ಡಬ್ಲ್ಯು.ಪಿ.ಎ.-2, ಡಬ್ಲ್ಯು.ಪಿ.ಎ.-3 ಎಂಬ ಹೆಸರುಗಳು ಕಾಣಬಹುದು. ಮೊದಲನೆಯದು 2001ರಲ್ಲಿಯೇ ಭೇದಿಸಲ್ಪಟ್ಟಿದ್ದು, ಅದನ್ನು ಬಳಸಬಾರದು. 2018ರಲ್ಲಿ ಬಂದ ಡಬ್ಲ್ಯು.ಪಿ.ಎ.-3 ಲಭ್ಯವಿದ್ದು ಮನೆಯ ಯಂತ್ರಗಳು ಅದಕ್ಕೆ ಒಗ್ಗಿದರೆ ಅದನ್ನು, ಇಲ್ಲವಾದಲ್ಲಿ ಎ.ಇ.ಎಸ್. ಸಹಿತವಾದ ಡಬ್ಲ್ಯು.ಪಿ.ಎ.-2 ಅನ್ನು ಆರಿಸಬೇಕು.

ಡಬ್ಲ್ಯು.ಪಿ.ಎ.-2ರ ಪಾಸ್‌ವರ್ಡ್ 8ರಿಂದ 63 ಅಕ್ಷರಗಳವರೆಗೆ ಇರಬಹುದು. ಅನೇಕರು ಮರೆಯಬಾರದೆಂದು ತಮ್ಮ ಮೊಬೈಲ್ ಸಂಖ್ಯೆಯನ್ನೇ ಪಾಸ್‌ವರ್ಡ್ ಆಗಿ ಇರಿಸುತ್ತಾರೆ. ಇದರ ಲೆಕ್ಕವನ್ನು ನೋಡೋಣ. ಹತ್ತು ಅಂಕಿಗಳಲ್ಲಿ ಮೊದಲನೆಯದು 6, 7, 8 ಅಥವಾ 9 ಮಾತ್ರ ಆಗಿರಲು ಸಾಧ್ಯ. ಉಳಿದ ಒಂಬತ್ತು ಸ್ಥಾನಗಳಿಗೆ ತಲಾ ಹತ್ತು ಸಾಧ್ಯತೆಗಳು. ಒಟ್ಟು 400 ಕೋಟಿ. ಕೇಳಲು ದೊಡ್ಡ ಮೊತ್ತವೇ ಸರಿ. ಆದರೆ ಗಣಕಯಂತ್ರಕ್ಕೆ ದೊಡ್ಡದಲ್ಲ. ಮನೆಯ ಹೊರಗೆ ನಿಂತವನು ಮೊಬೈಲೊಂದು ಜಾಲಕ್ಕೆ ಸೇರುವಾಗಿನ ಸಂಕೇತ ವಿನಿಮಯವನ್ನು ದಾಖಲಿಸಿಕೊಂಡು ಹೋದರೆ, ನಂತರ ತನ್ನ ಮನೆಯಲ್ಲಿ ಕುಳಿತು ಎಲ್ಲ 400 ಕೋಟಿಯನ್ನೂ ಕೆಲವೇ ಗಂಟೆಗಳಲ್ಲಿ ಪರೀಕ್ಷಿಸಿ ನೋಡಬಹುದು. ಇನ್ನು ಆ ಮೊಬೈಲ್ ಸಂಖ್ಯೆಯೇ ಅಂಗಡಿಯ ಫಲಕದ ಮೇಲಿದ್ದರೆ ಅಷ್ಟೂ ಶ್ರಮ ಬೇಕಿಲ್ಲ. ಡಬ್ಲ್ಯು.ಪಿ.ಎ.-3ರಲ್ಲಿ ಹೀಗೆ ಮನೆಗೆ ಒಯ್ದು ಊಹಿಸಲು ಬರುವುದಿಲ್ಲ.

ಪರಸ್ಪರ ಸಂಬಂಧವಿಲ್ಲದ ನಾಲ್ಕೈದು ಕನ್ನಡ ಪದಗಳನ್ನು ಇಂಗ್ಲಿಷ್ ಲಿಪಿಯಲ್ಲಿ ಒಟ್ಟಾಗಿ ಬರೆದು ನಡುವೆ ಒಂದೆರಡು ಅಂಕಿಗಳನ್ನು ಸೇರಿಸುವುದು ಸುಲಭ ಉಪಾಯ. ಗಾದೆ ಅಥವಾ ಹಾಡಿನ ಸಾಲು ಬೇಡ. ಮಕ್ಕಳ ಹೆಸರು, ವಾಹನದ ಸಂಖ್ಯೆ, ಕುಲದೇವರ ಹೆಸರು ಸಹ ಬೇಡ. ಜಾಲಕ್ಕೆ ಇಡುವ ಹೆಸರಿನಲ್ಲಿ ಕುಟುಂಬದ ಹೆಸರನ್ನಾಗಲಿ ಬಾಗಿಲು ಸಂಖ್ಯೆಯನ್ನಾಗಲಿ ಸೂಚಿಸುವ ಅಗತ್ಯವಿಲ್ಲ. ಜಾಲದ ಹೆಸರನ್ನು ಮರೆಮಾಡುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ. ತಿಳಿದವರಿಗೆ ಅದು ಕಂಡೇ ಕಾಣುತ್ತದೆ.

ನೆರೆಹೊರೆ ಮತ್ತು ಬಾಡಿಗೆದಾರರು

ತಾಂತ್ರಿಕ ವಿಷಯಗಳಿಗಿಂತ ಕಷ್ಟವಾದುದು ದಾಕ್ಷಿಣ್ಯದ ವಿಷಯ. ಪಕ್ಕದ ಮನೆಯವರು ಮಗಳ ಪರೀಕ್ಷೆಯ ಫಲಿತಾಂಶ ನೋಡಲೆಂದು ಪಾಸ್‌ವರ್ಡ್ ಕೇಳಿದಾಗ ಇಲ್ಲವೆನ್ನುವುದು ಯಾರಿಗೂ ಸುಲಭವಲ್ಲ. ಒಮ್ಮೆ ಕೊಟ್ಟ ಪಾಸ್‌ವರ್ಡ್ ಅವರ ಮೊಬೈಲಿನಲ್ಲಿ ಉಳಿಯುತ್ತದೆ. ಅಲ್ಲಿಂದ ಅವರ ಮನೆಗೆ ಬಂದ ನೆಂಟರಿಗೂ ಹೋಗುತ್ತದೆ. ಇದಕ್ಕೆ ಪರಿಹಾರವಾಗಿ ಇಂದಿನ ಬಹುತೇಕ ರೂಟರ್‌ಗಳಲ್ಲಿ ಅತಿಥಿ ಜಾಲ ಎಂಬ ಸೌಲಭ್ಯವಿದೆ. ಅದಕ್ಕೆ ಪ್ರತ್ಯೇಕ ಹೆಸರು ಹಾಗೂ ಪಾಸ್‌ವರ್ಡ್ ಇರಿಸಬಹುದು, ಬೇಡವಾದಾಗ ನಿಲ್ಲಿಸಬಹುದು. ಅತಿಥಿ ಜಾಲಕ್ಕೆ ಸೇರಿದವರಿಗೆ ಸಾಮಾನ್ಯವಾಗಿ ಮನೆಯ ಗಣಕಯಂತ್ರ ಹಾಗೂ ಮುದ್ರಣಯಂತ್ರಗಳು ಕಾಣುವುದಿಲ್ಲ. ದೂರದರ್ಶನ, ಸಿಸಿಟಿವಿ ಕ್ಯಾಮೆರಾ ಮೊದಲಾದ, ತಂತ್ರಾಂಶ ನವೀಕರಣವನ್ನೇ ಕಾಣದ ಉಪಕರಣಗಳನ್ನೂ ಇದೇ ಜಾಲಕ್ಕೆ ಸೇರಿಸುವುದು ವಿವೇಕ. ಆದರೆ ಒಂದು ಮಾತು: ಅತಿಥಿ ಜಾಲದ ಬಳಕೆಯೂ ಹೊರಗಿನ ದಾಖಲೆಯಲ್ಲಿ ಚಂದಾದಾರರ ಹೆಸರಿಗೇ ಸೇರುತ್ತದೆ. ಆದ್ದರಿಂದ ಕಾಯಂ ಬಾಡಿಗೆದಾರರು ತಮ್ಮ ಹೆಸರಿನಲ್ಲಿ ಪ್ರತ್ಯೇಕ ಸಂಪರ್ಕ ಪಡೆಯುವುದೇ ಇಬ್ಬರಿಗೂ ಕ್ಷೇಮ.

ತಿಂಗಳಿಗಿಷ್ಟೆಂದು ಹಣ ಪಡೆದು ಅಕ್ಕಪಕ್ಕದವರಿಗೆ ಗೃಹ ಸಂಪರ್ಕವನ್ನು ಹಂಚುವುದು ಬೇರೆಯೇ ವಿಷಯ. ಅಂಗಡಿ, ಹೋಟೆಲುಗಳಲ್ಲಿ ಸಾರ್ವಜನಿಕರಿಗೆ ವೈ-ಫೈ ಒದಗಿಸಬಯಸುವವರಿಗಾಗಿ ಕೇಂದ್ರ ಸಚಿವ ಸಂಪುಟವು 2020ರ ಡಿಸೆಂಬರ್‌ನಲ್ಲಿ ಅನುಮೋದಿಸಿದ ಪಿಎಂ-ವಾಣಿ ವ್ಯವಸ್ಥೆಯಿದ್ದು, ಅದರಲ್ಲಿ ಬಳಕೆದಾರರ ಗುರುತು ದೃಢೀಕರಣಗೊಳ್ಳುತ್ತದೆ. ಆಸಕ್ತರು ಆ ಮಾರ್ಗವನ್ನು ಅನುಸರಿಸತಕ್ಕದ್ದು.

ಪೆಟ್ಟಿಗೆಯನ್ನು ಇಡುವ ಸ್ಥಳ

ಸಂಪರ್ಕ ನಿಧಾನವೆಂಬ ದೂರುಗಳಲ್ಲಿ ಕೆಲವಕ್ಕೆ ಕಾರಣ ಪೆಟ್ಟಿಗೆಯನ್ನು ಇಟ್ಟ ಜಾಗವೇ ಆಗಿರುತ್ತದೆ. ಕಬ್ಬಿಣದ ಬೀರುವಿನ ಹಿಂದೆ ಅಥವಾ ಟಿವಿ ಗೂಡಿನೊಳಗೆ ಇಡದೆ, ಮನೆಯ ನಡುಭಾಗದಲ್ಲಿ ಎತ್ತರದಲ್ಲಿ ಇಡಬೇಕು. 2.4 ಗಿಗಾಹರ್ಟ್ಸ್ ತರಂಗಗಳು ಗೋಡೆಗಳನ್ನು ದಾಟಿ ದೂರ ಹೋಗುತ್ತವೆ, ಆದರೆ ನೆರೆಮನೆಗಳ ಜಾಲಗಳಿಂದಲೂ ಮೈಕ್ರೋವೇವ್ ಒಲೆಯಿಂದಲೂ ಅವುಗಳಿಗೆ ಅಡಚಣೆಯುಂಟು. 5 ಗಿಗಾಹರ್ಟ್ಸ್ ತರಂಗಗಳು ವೇಗವಾದರೂ ಗೋಡೆಗೆ ಬೇಗ ಸೋಲುತ್ತವೆ. ಹಳೆಯ ತೊಟ್ಟಿಮನೆಗಳ ದಪ್ಪ ಮಣ್ಣಿನ ಗೋಡೆಗಳಿಗೆ, ಹಾಗೂ ಎರಡು ಅಂತಸ್ತುಗಳ ನಡುವಿನ ಕಾಂಕ್ರೀಟ್ ಚಾವಣಿಗೆ, ತಂತಿ ಎಳೆದು ಎರಡನೆಯ ಪ್ರಸಾರ ಪೆಟ್ಟಿಗೆ ಇಡುವುದೇ ನಂಬಲರ್ಹ ಉಪಾಯ.

ಅರ್ಜಿ ಸಲ್ಲಿಸುವಾಗ

ಎರಡು ಗಣಕಯಂತ್ರಗಳ ನಡುವೆ ಕಡತಗಳನ್ನು ಹಂಚಿಕೊಳ್ಳುವವರು, ಹಂಚಿಕೆಯ ಕಡತಕೋಶದಲ್ಲಿ ಆಧಾರ್, ಪಡಿತರ ಚೀಟಿ, ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್‌ಗಳ ಪ್ರತಿಗಳನ್ನು ಬಿಡಬಾರದು. ಜಾಲಕ್ಕೆ ಸೇರಿದ ಯಾರಿಗಾದರೂ ಅವು ಸಿಗುವ ಸಾಧ್ಯತೆಯಿದೆ. ವಿಂಡೋಸ್ ಇರುವ ಗಣಕಯಂತ್ರವು ಹೊಸ ಜಾಲಕ್ಕೆ ಸೇರಿದಾಗ ಅದು ಖಾಸಗಿಯೋ ಸಾರ್ವಜನಿಕವೋ ಎಂಬ ಆಯ್ಕೆಯನ್ನು ಗಮನಿಸಿ, ಮನೆಯ ಜಾಲಕ್ಕೆ ಮಾತ್ರ ಖಾಸಗಿ ಎಂದು ಗುರುತಿಸಬೇಕು. ಜಾಲತಾಣದ ವಿಳಾಸವು ಎಚ್‌ಟಿಟಿಪಿಎಸ್ ಎಂದು ಆರಂಭವಾಗುವುದನ್ನೂ, ಅದರ ನಂತರದ ಹೆಸರು ಇಲಾಖೆಯದೇ ಆಗಿರುವುದನ್ನೂ ಖಚಿತಪಡಿಸಿಕೊಳ್ಳತಕ್ಕದ್ದು; ಮೊದಲನೆಯದು ಇದ್ದ ಮಾತ್ರಕ್ಕೆ ಜಾಲತಾಣ ಅಸಲಿಯೆಂದು ಹೇಳಲಾಗುವುದಿಲ್ಲ.

ವಿದ್ಯುತ್ ನಿಲುಗಡೆಯಾದಾಗ ಲ್ಯಾಪ್‌ಟಾಪ್ ನಡೆಯುತ್ತಿದ್ದರೂ ರೂಟರ್ ನಿಂತುಹೋಗುತ್ತದೆ. ಅದಕ್ಕೆಂದೇ ದೊರೆಯುವ ಸಣ್ಣ ಬ್ಯಾಟರಿ ಪೆಟ್ಟಿಗೆಯನ್ನು ಜೋಡಿಸಿಕೊಳ್ಳಬಹುದು; ಪೆಟ್ಟಿಗೆಯ ವೋಲ್ಟೇಜ್ ರೂಟರ್‌ನ ಚೀಟಿಯಲ್ಲಿ ನಮೂದಿಸಿರುವುದಕ್ಕೆ ಸರಿಹೊಂದಬೇಕು. ಶುಲ್ಕ ಪಾವತಿಯ ಮಧ್ಯೆ ಸಂಪರ್ಕ ಕಡಿದಲ್ಲಿ, ಹಣ ಕಡಿತವಾಗಿದೆಯೇ ಎಂದು ಬ್ಯಾಂಕ್ ಖಾತೆಯಲ್ಲಿ ನೋಡದೆ ಎರಡನೇ ಬಾರಿ ಪಾವತಿಸಬಾರದು. ಹಣ ವಂಚನೆಗೊಳಗಾದಲ್ಲಿ ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡತಕ್ಕದ್ದು.

ಸಂಪರ್ಕವನ್ನು ಹಿಂದಿರುಗಿಸುವಾಗ

ಮನೆ ಬದಲಿಸುವವರು ಪೆಟ್ಟಿಗೆಯನ್ನು ಮುಂದಿನ ಬಾಡಿಗೆದಾರರಿಗೆ ಬಿಟ್ಟುಹೋಗುವುದುಂಟು. ಹಾಗೆ ಮಾಡಿದಲ್ಲಿ ಹೊಸಬರ ಬಳಕೆಯೂ ಹಳಬರ ಹೆಸರಿನಲ್ಲಿಯೇ ಮುಂದುವರಿಯುತ್ತದೆ. ಮೇಲೆ ಹೇಳಿದ ಪಿನ್ ಒತ್ತುವ ಮರುಹೊಂದಿಕೆಯು ನಿಜವಾಗಿ ಉಪಯೋಗಕ್ಕೆ ಬರುವುದು ಈ ಸಂದರ್ಭದಲ್ಲಿ. ಮರುಹೊಂದಿಕೆ ಮಾಡಿ, ಪೆಟ್ಟಿಗೆಯನ್ನು ಸೇವಾದಾರರಿಗೆ ಮರಳಿಸಿ, ಸಂಪರ್ಕ ಸ್ಥಗಿತಗೊಂಡ ದಿನಾಂಕವನ್ನು ನಮೂದಿಸಿದ ಸ್ವೀಕೃತಿಯನ್ನು ಪಡೆದು ಇರಿಸಿಕೊಳ್ಳತಕ್ಕದ್ದು.