ಅಳಿದ ಅಕ್ಷರವನ್ನು ಉಳಿಸುವ ಲೆಕ್ಕ

ರಾಜ್ಯದ ಗಡಿಯಾಚೆ ಉಳಿದ ಕನ್ನಡಿಗರೆಂದರೆ ಕಾಸರಗೋಡಿನ ನಾವು ಮಾತ್ರವಲ್ಲ. 1956ರ ನವೆಂಬರ್ 1ರಂದು ನಮ್ಮ ನೆಲ ಕೇರಳಕ್ಕೆ ಸೇರಿದಂತೆಯೇ, ಬೀದರ ಜಿಲ್ಲೆಯ ನಿಲಂಗಾ, ಉದಗೀರ ತಾಲೂಕುಗಳು ಅಂದಿನ ಮುಂಬಯಿ ರಾಜ್ಯಕ್ಕೆ ಸೇರಿದವು. ಪಕ್ಕದ ಉಮರಗಾ ಕೂಡ ಅತ್ತಲೇ ಹೋಯಿತು. 1960ರಿಂದ ಮೂರೂ ಮಹಾರಾಷ್ಟ್ರದಲ್ಲಿವೆ. ಮನೆಮಾತು ಕನ್ನಡವಾದ ಕುಟುಂಬಗಳು ಅಲ್ಲಿ ಇಂದಿಗೂ ಇವೆ.

ಶಾಲೆ, ಕಚೇರಿ, ಪೇಟೆಗಳಲ್ಲಿ ಬೇರೆ ಭಾಷೆ ನಡೆಯುವಲ್ಲಿ ಮನೆಯೊಳಗಿನ ದಾಖಲೆಗೆ ಬೆಲೆ ಹೆಚ್ಚು. ಅಜ್ಜಿ ಹಾಡಿದ ಬೀಸುವ ಕಲ್ಲಿನ ಪದ, ಮದುವೆಯ ಸೋಬಾನೆ, ಹಿರಿಯರ ಮಾತು ಇವುಗಳನ್ನು ಸಿ.ಡಿ., ಡಿ.ವಿ.ಡಿ.ಗಳಲ್ಲಿ ತುಂಬಿಸಿಡುವುದು 2000ರ ದಶಕದಲ್ಲಿ ಎಲ್ಲೆಡೆ ವಾಡಿಕೆಯಾಗಿತ್ತು. ಆ ತಟ್ಟೆಗಳು ಇಂದು ಕಪಾಟಿನ ಮೂಲೆಯಲ್ಲಿವೆ. ಅವು ಇನ್ನೆಷ್ಟು ಕಾಲ ಹಾಡಬಲ್ಲವು?

ಕಲ್ಲಿನಲ್ಲಿದ್ದ ಉಪಾಯ

ಬರೆದದ್ದು ಅಳಿಯುತ್ತದೆಂಬುದು ನಮ್ಮ ಪೂರ್ವಿಕರಿಗೂ ತಿಳಿದಿತ್ತು. ಉಮರಗಾ, ನಿಲಂಗಾಗಳಿಗೆ ಸಮೀಪದ ಕಲ್ಯಾಣವು ಚಾಲುಕ್ಯರ ರಾಜಧಾನಿ. ಆ ಕಾಲದ ಕನ್ನಡ ಶಾಸನಗಳಲ್ಲಿ ಶಕವರ್ಷದ ಜೊತೆಗೆ ಸಂವತ್ಸರದ ಹೆಸರು, ಮಾಸ, ತಿಥಿ, ವಾರಗಳನ್ನೂ ಅರಸನ ಹೆಸರನ್ನೂ ಕೊರೆಯುವುದು ರೂಢಿ. ಮೇಲ್ನೋಟಕ್ಕೆ ಇದು ಹೇಳಿದ್ದನ್ನೇ ಹೇಳಿದಂತೆ ಕಾಣುತ್ತದೆ. ಆದರೆ ಕಲ್ಲು ಸವೆದಾಗ ಇದೇ ಆಸರೆ.

ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿದರೆ ಉಳಿಯುವ ಶೇಷವೇ ಪ್ರಭವದಿಂದ ಎಣಿಸಿದ ಸಂವತ್ಸರದ ಸಂಖ್ಯೆ. ಆರನೆಯ ವಿಕ್ರಮಾದಿತ್ಯನು ಪಟ್ಟಕ್ಕೆ ಬಂದದ್ದು ಶಕ 998ರಲ್ಲಿ. 12 ಕೂಡಿಸಿದರೆ 1010, ಶೇಷ 50. ಐವತ್ತನೆಯದು ನಳ ಸಂವತ್ಸರ. ಈಗ ನಡುವಿನ 9 ಅಳಿಸಿಹೋಗಿದೆಯೆಂದು ಭಾವಿಸೋಣ. ನಳ ಎಂಬ ಹೆಸರು ಉಳಿದಿದ್ದರೆ 938 ಅಥವಾ 998 ಎರಡೇ ಹೊಂದುತ್ತವೆ. ವಿಕ್ರಮಾದಿತ್ಯನ ಹೆಸರೂ ಇದ್ದರೆ 998 ಎಂದೇ ತೀರ್ಮಾನ, ಏಕೆಂದರೆ 938ರಲ್ಲಿ ಆಳುತ್ತಿದ್ದವನು ಜಯಸಿಂಹ. ಹೆಚ್ಚಾಗಿ ಬರೆದ ಎರಡು ಮಾತುಗಳು ಕಳೆದ ಒಂದು ಅಂಕಿಯನ್ನು ಮರಳಿ ತಂದವು.

ತಟ್ಟೆಯಲ್ಲಿ ಅದೇ ಲೆಕ್ಕ

1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯಲ್ಲಿರುವುದೂ ಇದೇ ತತ್ತ್ವ. 12 ಸೆಂಟಿಮೀಟರ್ ಅಗಲದ ತಟ್ಟೆಯಲ್ಲಿ ಸುರುಳಿಯಾಗಿ ಸುತ್ತಿದ ಗೆರೆಯ ಉದ್ದ 5 ಕಿಲೋಮೀಟರಿಗೂ ಹೆಚ್ಚು. ಒಂದು ಧೂಳಿನ ಕಣ ಕೂಡ ಅಲ್ಲಿ ಬಹಳಷ್ಟು ಗುರುತುಗಳನ್ನು ಮುಚ್ಚಬಲ್ಲದು. ಆದುದರಿಂದ ಪ್ರತಿ 24 ಬೈಟ್ ಮಾಹಿತಿಗೆ 8 ಬೈಟ್ ತಾಳೆಯ ಅಂಕಿಗಳನ್ನು ಸೇರಿಸಿ ಬರೆಯುತ್ತಾರೆ. ಈ ಗಣಿತವನ್ನು 1960ರಲ್ಲಿ ಅಮೆರಿಕದ ರೀಡ್ ಮತ್ತು ಸಾಲಮನ್ ಪ್ರಕಟಿಸಿದರು. ಇದನ್ನೂ ಒಳಗೊಂಡ ದೊಡ್ಡ ಕುಟುಂಬದ ಸಂಕೇತಗಳನ್ನು ಅದೇ ವರ್ಷ ಕಂಡುಕೊಟ್ಟವರಲ್ಲಿ, ಹಿಂದೆ ಕಲ್ಕತ್ತೆಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿದ್ದ ನಮ್ಮ ದೇಶದ ರಾಜಚಂದ್ರ ಬೋಸ್ ಒಬ್ಬರು. ಅವರೊಡನೆ ದುಡಿದ ರಾಯ್‌ಚೌಧುರಿಯವರೂ ಭಾರತೀಯರೇ.

ಇನ್ನೊಂದು ಉಪಾಯವೆಂದರೆ ಅಕ್ಷರಗಳನ್ನು ಚದುರಿಸುವುದು. ಉಮರಗಾ, ನಿಲಂಗಾ, ಉದಗೀರ ಎಂದು ಸಾಲಾಗಿ ಬರೆದಲ್ಲಿ ಒಂದು ಗೀರು ಮೂರು ಅಕ್ಷರ ತಿಂದರೆ ನಿಲಂಗಾ ಪೂರ್ತಿ ಮಾಯವಾಗಬಹುದು. ಅದರ ಬದಲು ಮೂರೂ ಹೆಸರುಗಳ ಮೊದಲಕ್ಷರ, ಆಮೇಲೆ ಎರಡನೆಯಕ್ಷರ, ಹೀಗೆ ಉ-ನಿ-ಉ, ಮ-ಲಂ-ದ ಎಂದು ಬರೆಯುತ್ತ ಹೋಗೋಣ. ಗೀರು ಮ-ಲಂ-ದ ಅಳಿಸಿದರೂ ಪ್ರತಿ ಹೆಸರಿಗೆ ಒಂದೊಂದೇ ಅಕ್ಷರ ನಷ್ಟ. ಆ ಊರುಗಳನ್ನು ಬಲ್ಲವರು ಅದನ್ನು ತುಂಬಿಕೊಳ್ಳುತ್ತಾರೆ. ಹೀಗೆ ಸಿ.ಡಿ.ಯು ಸುಮಾರು 2.5 ಮಿಲಿಮೀಟರ್ ಉದ್ದದ ನಷ್ಟವನ್ನು ಪೂರ್ತಿ ಸರಿಪಡಿಸುತ್ತದೆ.

ಅದಕ್ಕೂ ಮೀರಿದರೆ ಹಾಡಿನಲ್ಲಿ ಅಕ್ಕಪಕ್ಕದ ಸ್ವರ ನೋಡಿ ಅಂದಾಜು ಮಾಡಬಹುದು, ಬರಹದಲ್ಲಿ ಅಂದಾಜು ನಡೆಯದು. ಆದುದರಿಂದ ಕಂಪ್ಯೂಟರಿನ ಸಿ.ಡಿ.ಗೆ ಪ್ರತಿ 2048 ಬೈಟಿಗೆ ಇನ್ನೂ 276 ಬೈಟಿನ ಎರಡನೆಯ ಕಾವಲು ಹಾಕಿದರು. 1996ರಲ್ಲಿ ಬಂದ ಡಿ.ವಿ.ಡಿ. ಮಾಹಿತಿಯನ್ನು 192 ಸಾಲು, 172 ಕಂಬಗಳ ಚೌಕದಲ್ಲಿಟ್ಟು ಅಡ್ಡಕ್ಕೂ ಉದ್ದಕ್ಕೂ ತಾಳೆ ನೋಡುತ್ತದೆ. ಅದು ಸುಮಾರು 6 ಮಿಲಿಮೀಟರ್ ಗೀರನ್ನು ತಾಳಿಕೊಳ್ಳುತ್ತದೆ. 2006ರ ಬ್ಲೂ-ರೇಯಲ್ಲಿ ಮಾಹಿತಿಯ ಪದರ ಮೇಲ್ಮೈಯಿಂದ 0.1 ಮಿಲಿಮೀಟರ್ ಆಳದಲ್ಲಷ್ಟೇ ಇರುವುದರಿಂದ ಇನ್ನೂ ಬಲವಾದ ಸಂಕೇತ ಬೇಕಾಯಿತು. ಇಂದು ಅಂಗಡಿಯಲ್ಲಿ ಹಣ ಕೊಡಲು ಬಳಸುವ ಚೌಕುಳಿ ಗುರುತು ಸ್ವಲ್ಪ ಹರಿದಿದ್ದರೂ ಓದಿಸಿಕೊಳ್ಳುವುದು ಇದೇ ರೀಡ್-ಸಾಲಮನ್ ಲೆಕ್ಕದಿಂದ.

ಕಾಣದ ಅಪಾಯ

ಇಲ್ಲಿಯೇ ನಾವು ಎಚ್ಚರಗೊಳ್ಳಬೇಕು. ಹಳೆಯ ಕ್ಯಾಸೆಟ್ ಕೆಡುವಾಗ ಗೊರಗೊರ ಸದ್ದು ಮಾಡಿ ಮೊದಲೇ ತಿಳಿಸುತ್ತಿತ್ತು. ತಟ್ಟೆ ಹಾಗಲ್ಲ. ದೋಷಗಳು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದರೂ ಲೆಕ್ಕವು ಅವನ್ನು ಸರಿಪಡಿಸುತ್ತಲೇ ಇರುತ್ತದೆ, ಹಾಡು ಸ್ವಚ್ಛವಾಗಿಯೇ ಕೇಳುತ್ತದೆ. ದೋಷ ಮಿತಿ ಮೀರಿದ ದಿನ ತಟ್ಟೆ ಒಮ್ಮೆಗೇ ಮೌನವಾಗುತ್ತದೆ. ಮನೆಯಲ್ಲಿ ಬರೆದ ತಟ್ಟೆಗಳಲ್ಲಿ ಬಣ್ಣದ ರಾಸಾಯನಿಕ ಪದರವಿದ್ದು, ಬಿಸಿಲು, ಸೆಕೆಗಳಿಗೆ ಅದು ಕೆಡುತ್ತದೆ. ಮರಾಠವಾಡದ ಬೇಸಿಗೆಯೂ ನಮ್ಮ ಕರಾವಳಿಯ ತೇವವೂ ಅದಕ್ಕೆ ಹಿತವಲ್ಲ.

ಆದುದರಿಂದ ತಟ್ಟೆ ಇನ್ನೂ ಓದುತ್ತಿರುವಾಗಲೇ ಪ್ರತಿ ತೆಗೆಯಬೇಕು. ಒಂದು ಪ್ರತಿ ಮನೆಯಲ್ಲಿ, ಇನ್ನೊಂದು ಬೇರೆ ಊರಿನ ನೆಂಟರಲ್ಲಿ ಇರಲಿ. ತೆಗೆದ ಪ್ರತಿಯನ್ನು ಕೊನೆಯವರೆಗೆ ಕೇಳಿ ನೋಡಬೇಕು. ತಾಳೆಯ ಅಂಕಿಗಳನ್ನು ನಾವೇ ಹೆಚ್ಚಾಗಿ ಸೇರಿಸಿಡಲು ಡಿವಿಡಿಸಾಸ್ಟರ್‌ನಂತಹ ಉಚಿತ ತಂತ್ರಾಂಶಗಳಿವೆ. ಕಂಪ್ಯೂಟರ್ ಬಲ್ಲ ಮಕ್ಕಳಿಗೆ ಈ ಕೆಲಸ ಒಪ್ಪಿಸಬಹುದು. ಸಿ.ಡಿ.ಯ ಹೆಸರು ಬರೆಯುವ ಮೇಲ್ಬದಿಯಲ್ಲಿ ಗೀರು ಬೀಳದಂತೆ ನೋಡಿಕೊಳ್ಳಬೇಕು. ಮಾಹಿತಿಯ ಪದರ ಅದರ ಕೆಳಗೇ ಇದೆ, ಅಲ್ಲಿ ಪದರವೇ ಕಿತ್ತುಹೋದರೆ ಯಾವ ಲೆಕ್ಕವೂ ಕಾಯಲಾರದು.

ಯಂತ್ರ ಮರಳಿ ಕೊಡುವುದು ಸದ್ದನ್ನು ಮಾತ್ರ. ಸೋಬಾನೆಯ ಪದವೊಂದರ ಅರ್ಥ ಹೇಳಬಲ್ಲ ಹಿರಿಯರು ಇರುವಾಗಲೇ ಹಾಡಿನ ಮಾತುಗಳನ್ನು ಕನ್ನಡದಲ್ಲಿ ಬರೆದು, ಹಾಡಿದವರ ಹೆಸರು, ಊರು, ಇಸವಿ ಸೇರಿಸಿ ತಟ್ಟೆಯ ಜೊತೆಗೆ ಇಡೋಣ. ಆ ಬರಹವನ್ನು ಓದಲು ನಮ್ಮ ಮಕ್ಕಳಿಗೆ ಕನ್ನಡ ಅಕ್ಷರ ಕಲಿಸೋಣ. ಉಮರಗಾದಲ್ಲಾಗಲಿ ಕಾಸರಗೋಡಿನಲ್ಲಾಗಲಿ ಈ ಕೆಲಸವನ್ನು ನಮಗಾಗಿ ಬೇರೆಯವರು ಮಾಡಿಕೊಡಲಾರರು.