ತುಂಗಭದ್ರೆಯ ಗಡ್ಡಿಗಳೂ ಕಾವಲುಗಾರನ ಸಂಬಳವೂ

ಲೋಕಕ್ಕೆ ಲೋಕವೇ ಬಾಗಿಲಿಕ್ಕಿಕೊಂಡ 2020ನೆಯ ಇಸವಿಯ ವಿಷಯವಾಗಿ ಬರೆದವರು ಬಹುಮಂದಿ. ಆಸ್ಪತ್ರೆಗಳ ಅವಸ್ಥೆ, ಮುಚ್ಚಿದ ಅಂಗಡಿ ಶಾಲೆಗಳು, ನೂರಾರು ಹರದಾರಿ ನಡೆದು ಊರು ಸೇರಿದ ಕೂಲಿಕಾರರ ಕಷ್ಟ, ಇವೆಲ್ಲವನ್ನೂ ಹೇಳಿದ್ದಾಗಿದೆ. ಹೇಳಬೇಕಾದುದು ಇನ್ನೂ ಉಂಟು. ಇವುಗಳ ಮುಂದೆ ನಾವು ಇಂದು ಎತ್ತಿಕೊಳ್ಳುವ ವಿಷಯವು ಅಲ್ಪವೆಂದು ವಾಚಕರಲ್ಲಿ ಕೆಲವರಿಗೆ ತೋರಬಹುದು. ಹೊಳೆಯ ನಡುವಣ ಗಡ್ಡಿಗಳಲ್ಲಿ ವಾಸಿಸುವ ಮೂಕಪ್ರಾಣಿಗಳನ್ನು ಕಾಯತಕ್ಕವನಿಗೆ, ಜಗತ್ತೇ ಸಂಕಟದಲ್ಲಿರುವಾಗ, ಸಂಬಳವನ್ನು ಕೊಡುವವರು ಯಾರು? ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆಯನ್ನು ಕೇಳಿದವರು ಕಡಮೆ.

ದೂರದ ಒಂದು ನಿದರ್ಶನವನ್ನು ಮೊದಲು ನೋಡೋಣ. ಹಿಂದೂ ಮಹಾಸಾಗರದಲ್ಲಿ ಸೆಶೆಲ್ಸ್ ದೇಶಕ್ಕೆ ಸೇರಿದ ಅಲ್ದಾಬ್ರವೆಂಬ ಹವಳದ ದ್ವೀಪವಿದೆ. ಅಲ್ಲಿ ಜನವಸತಿಯಿಲ್ಲ, ಲಕ್ಷಾಂತರ ಸಂಖ್ಯೆಯ ದೈತ್ಯ ಆಮೆಗಳೂ ಅವುಗಳನ್ನು ನೋಡಿಕೊಳ್ಳುವ ಕೆಲವರು ನೌಕರರೂ ಮಾತ್ರ ಇರುವರು. ಈ ದ್ವೀಪದ ಖರ್ಚು ನಡೆಯುತ್ತಿದ್ದುದು ಬಹುಮಟ್ಟಿಗೆ ಸಾವಿರ ಕಿಲೋಮೀಟರಿಗೂ ಆಚೆಯಿರುವ ಇನ್ನೊಂದು ದ್ವೀಪದ ತಾಳೆಯ ವನವನ್ನು ನೋಡಬರುವ ಪ್ರವಾಸಿಗಳು ತೆರುವ ಪ್ರವೇಶಧನದಿಂದ. 2020ರಲ್ಲಿ ವಿಮಾನಗಳು ನಿಂತುವು, ಪ್ರವಾಸಿಗಳು ನಿಂತರು, ಚೀಟಿಯ ಹಣವೂ ನಿಂತಿತು. ಆಮೆಗಳಿಗೆ ಈ ಲೆಕ್ಕಾಚಾರವು ತಿಳಿಯದು. ಕಾವಲುಗಾರರಿಗೆ ಮಾತ್ರ ತಿಳಿಯಿತು. ದ್ವೀಪದ ಪ್ರಾಣಿಗೆ ಓಡಿಹೋಗಲು ಬೇರೆ ನೆಲವಿಲ್ಲವಾದುದರಿಂದ ಒಂದು ವರ್ಷದ ಅಲಕ್ಷ್ಯವೂ ಅದಕ್ಕೆ ದೊಡ್ಡ ಅಪಾಯವೇ ಸರಿ.

ಈಗ ನಮ್ಮ ಹೊಳೆಗೆ ಬರೋಣ. ತುಂಗಭದ್ರಾ ಅಣೆಕಟ್ಟಿನ ಕೆಳಗೆ, ಕೊಪ್ಪಳ ಜಿಲ್ಲೆಯ ಮುದ್ಲಾಪುರದಿಂದ ನಮ್ಮ ಕಂಪ್ಲಿಯವರೆಗೆ, 34 ಕಿಲೋಮೀಟರು ನದಿಯನ್ನು 2015ರಲ್ಲಿ ಕರ್ನಾಟಕ ಸರ್ಕಾರದವರು ನೀರುನಾಯಿಗಳ ಸಂರಕ್ಷಣಾ ಮೀಸಲೆಂದು ಸಾರಿದರು. ನೀರುನಾಯಿಗಾಗಿಯೇ ಇಂಥ ಮೀಸಲು ಏರ್ಪಟ್ಟುದು ದೇಶದಲ್ಲಿ ಅದೇ ಮೊದಲು. ನಯವಾದ ತುಪ್ಪಳದ ಈ ಪ್ರಾಣಿಯು ಸಂಸಾರಸಮೇತ ವಾಸಿಸತಕ್ಕದ್ದು. ಮೀನೇ ಅದರ ಆಹಾರ. ಬಂಡೆಗಳ ಸಂದಿಯಲ್ಲಿಯೂ ದಡದ ಬಿಲದಲ್ಲಿಯೂ ಮರಿಗಳನ್ನು ಸಾಕುವುದು. ಹಂಪೆ ಆನೆಗೊಂದಿಗಳ ಬಳಿ ಹೊಳೆಯು ಕವಲೊಡೆದು ಬಂಡೆಗಳ ನಡುವೆ ನುಗ್ಗುವ ಕಡೆಗಳಲ್ಲಿ ಗಡ್ಡಿಗಳು ಹಲವುಂಟು. ಮನುಷ್ಯನ ಕಾಲು ಬೀಳದಿರುವಷ್ಟು ಕಾಲ ನೀರುನಾಯಿಗೆ ಇವೇ ಕೋಟೆ.

ಆದರೆ ಈ ಕೋಟೆಗೆ ಕಂದಕವು ವರ್ಷವಿಡೀ ಇರುವುದಿಲ್ಲ. ಫಾಲ್ಗುಣ ಕಳೆದು ಬಿಸಿಲು ಬಲಿತಂತೆ ಹೊಳೆಯು ಬತ್ತುತ್ತದೆ. ಆಷಾಢದಲ್ಲಿ ದೋಣಿಗೂ ನಿಲುಕದ ಗಡ್ಡಿಯನ್ನು ಚೈತ್ರ ವೈಶಾಖಗಳಲ್ಲಿ ಮೊಳಕಾಲುದ್ದ ನೀರಿನಲ್ಲಿ ನಡೆದೇ ಮುಟ್ಟಬಹುದು. ಮಡುಗಳಲ್ಲಿ ಒತ್ತಾಗಿ ಸೇರಿದ ಮೀನನ್ನು ತೋಟೆ ಸಿಡಿಸಿ ಹಿಡಿಯುವವರಿಗೂ ಮರಳನ್ನು ಕದ್ದು ಸಾಗಿಸುವವರಿಗೂ ಅನುಕೂಲವಾದ ಕಾಲವಿದು. ಕಾವಲು ಅತ್ಯಂತ ಅವಶ್ಯವಾದುದು ಈ ಮೂರು ತಿಂಗಳಲ್ಲಿ. ದೇಶವೆಲ್ಲ ಮನೆಯೊಳಗೆ ಕುಳಿತ ಅಪ್ಪಣೆಯು 2020ನೆಯ ಮಾರ್ಚಿ 25ರಿಂದ ಜಾರಿಗೆ ಬಂದುದು ಸರಿಯಾಗಿ ಇದೇ ಬೇಸಗೆಯಲ್ಲಿ!

ಅದಕ್ಕೆ ಕೆಲವೇ ದಿವಸ ಮುಂಚೆ ಇನ್ನೊಂದು ಸಂಗತಿ ನಡೆದಿತ್ತು. ಹಂಪೆಯ ಎದುರಿನ ವಿರೂಪಾಪುರ ಗಡ್ಡಿಯಲ್ಲಿ ನಿಯಮವಿರುದ್ಧವಾಗಿ ಎದ್ದಿದ್ದ ವಸತಿಗೃಹಗಳು ತೆರವಾಗಬೇಕೆಂಬ ಹೈಕೋರ್ಟಿನ ತೀರ್ಪನ್ನು ಸುಪ್ರೀಂ ಕೋರ್ಟು ಫೆಬ್ರವರಿ 11ರಂದು ಎತ್ತಿಹಿಡಿಯಿತು. ಮಾರ್ಚಿಯ ಆರಂಭದಲ್ಲಿ ಕಟ್ಟಡಗಳು ಉರುಳಿದುವು. ಈ ಕ್ರಮವು ಹಂಪೆಯ ಪುರಾತನ ಕ್ಷೇತ್ರವನ್ನು ಕಾಪಾಡಲು ಕೈಗೊಂಡುದೇ ಹೊರತು ಪ್ರಾಣಿಗಳಿಗಾಗಿ ಅಲ್ಲ. ಆದರೂ ದೀಪ, ಸಂಗೀತ, ದೋಣಿಗಳ ಗದ್ದಲವು ಒಂದು ಗಡ್ಡಿಯಿಂದ ಒಮ್ಮೆಗೇ ಹೋಯಿತು. ಮನುಷ್ಯರು ಅಡಗಿದರೆ ಪ್ರಾಣಿಗಳಿಗೆ ಸುಖವೆಂದು ಆಗ ಪತ್ರಿಕೆಗಳಲ್ಲಿ ಚಿತ್ರಗಳೊಡನೆ ಬರೆದವರುಂಟು. ನಾವು ಇದನ್ನು ಒಪ್ಪಲಾರೆವು. ವನ್ಯಜೀವಿಗಳ ವ್ಯಾಪಾರವನ್ನು ಪರಿಶೀಲಿಸುವ ಟ್ರಾಫಿಕ್ ಸಂಸ್ಥೆಯವರು ನಿರ್ಬಂಧದ ಹಿಂದಿನ ಆರು ವಾರಗಳನ್ನೂ ನಿರ್ಬಂಧದ ಆರು ವಾರಗಳನ್ನೂ ಹೋಲಿಸಿದಾಗ, ದೇಶದಲ್ಲಿ ವರದಿಯಾದ ಬೇಟೆಯ ಪ್ರಕರಣಗಳು 35ರಿಂದ 88ಕ್ಕೆ ಏರಿದ್ದುವು. ಹಸಿದವನು ಬಲೆ ಹಾಕಿದರೆ ಅವನನ್ನು ಮಾತ್ರ ದೂಷಿಸಿ ಫಲವಿಲ್ಲ. ಕೆಲಸ ಕಳೆದುಕೊಂಡು ಹಳ್ಳಿಗೆ ಬಂದವನಿಗೆ ಹೊಳೆಯೇ ಉಗ್ರಾಣ. ಅವನಿಗೆ ಎರಡು ಹೊತ್ತಿನ ಗಂಜಿಯನ್ನು ಒದಗಿಸುವುದೂ ಗಡ್ಡಿಯನ್ನು ಕಾಯುವುದೂ ಒಂದೇ ಕಾರ್ಯದ ಎರಡು ಭಾಗಗಳು.

ಸಂಕಟಕಾಲದಲ್ಲಿ ಇಂಥ ಕಾರ್ಯ ಸಾಧ್ಯವೇ ಎಂದು ಕೇಳುವ ಅಧಿಕಾರಿಗಳಿಗೆ ಕಾವೇರಿಯ ರಂಗನತಿಟ್ಟನ್ನು ಜ್ಞಾಪಿಸುತ್ತೇವೆ. ಪಕ್ಷಿಶಾಸ್ತ್ರಜ್ಞ ಸಾಲಿಂ ಅಲಿಯವರ ಮಾತಿಗೆ ಬೆಲೆಕೊಟ್ಟು ಮೈಸೂರು ಸರ್ಕಾರದವರು ಅಲ್ಲಿನ ನಡುಗಡ್ಡೆಗಳನ್ನು ಪಕ್ಷಿಧಾಮವೆಂದು ಸಾರಿದುದು 1940ರಲ್ಲಿ. ಯೂರೋಪಿನಲ್ಲಿ ರಾಜಧಾನಿಗಳು ಒಂದರ ಹಿಂದೊಂದು ಉರುಳುತ್ತಿದ್ದ ವರ್ಷದಲ್ಲಿ. ಕೊಕ್ಕರೆಗಳಿಂದ ಎಷ್ಟು ಆದಾಯವೆಂಬುದು ಆಗಿನ ಪ್ರಶ್ನೆಯಾಗಿರಲಿಲ್ಲ. ನೆರೆಯು ಆ ನಡುಗಡ್ಡೆಗಳನ್ನು ಕೊರೆದಾಗ ಮರಳಚೀಲಗಳನ್ನು ಪೇರಿಸಿ ಮತ್ತೆ ನಿಲ್ಲಿಸಿದ್ದಾರೆ. 2022ರಲ್ಲಿ ಅದು ರಾಮ್ಸಾರ್ ಪಟ್ಟಿಯನ್ನೂ ಸೇರಿತು.

ನಮ್ಮ ನೀರುನಾಯಿಯಾದರೋ ಚೀಟಿಯ ಹಣವನ್ನು ತರುವ ಪ್ರಾಣಿಯಲ್ಲ. ಬೆಸ್ತರಿಗೆ ಅದರ ಮೇಲೆ ದೂರೂ ಉಂಟು: ಬಲೆ ಹರಿಯುತ್ತದೆ, ಮೀನು ತಿನ್ನುತ್ತದೆ. ದೂರಿನಲ್ಲಿ ನಿಜವಿದೆ, ಹರಿದ ಬಲೆಗೆ ಪರಿಹಾರ ಕೊಡದೆ ಬೆಸ್ತರಿಗೆ ಉಪದೇಶ ಮಾಡುವುದು ನಮಗೆ ಹಿಡಿಸದು. ಈ ಖರ್ಚಿಗೂ ಕಾವಲಿಗೂ ಹಣವೆಲ್ಲಿ? ಬಳ್ಳಾರಿಯಲ್ಲಿ ಕುಳಿತು ಈ ಪ್ರಶ್ನೆ ಕೇಳುವುದು ಸೋಜಿಗವೇ. ಗಣಿಗಳಿಂದ ಬರುವ ಪಾಲು ಜಿಲ್ಲಾ ಖನಿಜ ಪ್ರತಿಷ್ಠಾನದಲ್ಲಿ ಸೇರುತ್ತಿದೆ; ಪರಿಸರರಕ್ಷಣೆಯು ಆ ನಿಧಿಯ ಆದ್ಯತೆಯ ಬಾಬುಗಳಲ್ಲೊಂದು. 2020ರಲ್ಲಿ ಕೇಂದ್ರ ಸರ್ಕಾರದವರು ಇದೇ ನಿಧಿಯ ಶೇಕಡ 30ರವರೆಗೆ ಸಾಂಕ್ರಾಮಿಕದ ನಿವಾರಣೆಗೆ ಬಳಸಲು ಅನುಮತಿಯಿತ್ತರು. ಮನುಷ್ಯಪ್ರಾಣಕ್ಕೆ ಅಗ್ರಸ್ಥಾನವೆಂಬುದರಲ್ಲಿ ನಮಗೆ ಆಕ್ಷೇಪಣೆಯಿಲ್ಲ. ಆದರೆ ಮುಂದಿನ ವಿಪತ್ತು ಬಂದಾಗಲೂ ಬರವಣಿಗೆಯಲ್ಲಿ ಹಕ್ಕಿಲ್ಲದ ಬಾಬುಗಳೇ ಮೊದಲು ಕತ್ತರಿಗೆ ಸಿಕ್ಕುವುವು. ಆದುದರಿಂದ ಒಂದು ಸಣ್ಣ ಮೂಲಧನವನ್ನು ಬೇರೆಯಾಗಿ ಇಟ್ಟು, ಅದರ ಬಡ್ಡಿಯಿಂದ ದಡದ ಹಳ್ಳಿಗಳ ಬೆಸ್ತರ ಮಕ್ಕಳನ್ನೇ ಕಾವಲಿಗೆ ನೇಮಿಸಬೇಕು. ಮೀಸಲಿಗೆ ಕಾನೂನು ವಿಧಿಸಿರುವ ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಗಳಿಗೆ ಸ್ಥಾನವಿದೆ. ಲೆಕ್ಕವನ್ನು ಅಲ್ಲಿಯೇ ಓದಬೇಕು. ಕಾಲುವೆಯ ನೀರಿನಲ್ಲಿ ಬತ್ತ ಬೆಳೆಯುವ ಕುರುಗೋಡಿನ ರೈತರಿಗೆ ಹೊಳೆಯು ಕಾಣದಷ್ಟು ದೂರವಿದ್ದರೂ ಅದರ ಋಣ ದೂರವಿಲ್ಲ.

ಇಷ್ಟರಿಂದಲೂ ಕೆಲಸ ಮುಗಿಯದು. ಮೀಸಲಿನ ಎಲ್ಲೆಯು ಕಂಪ್ಲಿಯಲ್ಲಿ ನಿಂತಿದೆ. ಮೀನನ್ನು ಬೆನ್ನಟ್ಟುವ ನೀರುನಾಯಿಯು ಎಲ್ಲೆಕಲ್ಲನ್ನು ಓದಿ ಹಿಂದಿರುಗುವುದಿಲ್ಲ. ಕೆಳಗೆ ಸಿರುಗುಪ್ಪದ ಬಳಿ ಹೊಳೆಯು ಎರಡಾಗಿ ದೇಶನೂರಿನ ದೊಡ್ಡ ನಡುಗಡ್ಡೆಯನ್ನು ಬಳಸುತ್ತದೆ. ಅದೇ ತಾಲ್ಲೂಕಿನ ಎರೆಹೊಲಗಳಲ್ಲಿ, ನೀರಾವರಿಯ ಗದ್ದೆಗಳು ಮುತ್ತಿರುವ ಒಣನೆಲದ ಇನ್ನೊಂದು ಬಗೆಯ ದ್ವೀಪದಲ್ಲಿ, ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಡುವ ದೊರೆವಾಯನ ಹಕ್ಕಿಯು ಬೆರಳೆಣಿಕೆಗೆ ಇಳಿದಿದೆ. ಅದಕ್ಕೂ ಇದೇ ಕಾವಲು ಬೇಕು. ಅರಣ್ಯ ಇಲಾಖೆಯವರು ಬರುವ ಬೇಸಗೆಯಲ್ಲಿ, ನೀರು ಇಳಿದು ಮರಳಿನ ಮೇಲೆ ಹೆಜ್ಜೆಗುರುತು ಕಾಣುವ ದಿನಗಳಲ್ಲಿ, ಕಂಪ್ಲಿಯಿಂದ ದೇಶನೂರಿನವರೆಗೆ ದಡವನ್ನು ನಡೆದು ನೋಡಿ, ಅಲ್ಲಿರುವುದನ್ನು ಎಣಿಸಿ ಪ್ರಕಟಿಸಲೆಂದು ಕೇಳಿಕೊಳ್ಳುತ್ತೇವೆ. ಎಷ್ಟು ಮಂದಿ ಕಾವಲುಗಾರರು ಬೇಕೆಂಬುದು ಆ ಲೆಕ್ಕದಿಂದ ತಿಳಿಯುವುದು.